ಜೂರಕನ್ ಅಕ್ಕನ ರಾತ್ರಿಯ ಡಬ್ಬಿ

ಬುರುಲ್ ಜೂರಕನ್ ಅಕ್ಕನನ್ನು ಮೊದಲ ಸಲ ಕಂಡದ್ದು ಬಿಷ್ಕೆಕ್ ಊರಂಚಿನ ಒಂದು ಹೊಲಿಗೆ ಕಾರ್ಖಾನೆಯಲ್ಲಿ, ರಾತ್ರಿ ಪಾಳಿ ಶುರುವಾಗುವ ಹೊತ್ತಿಗೆ. ಕಾರ್ಖಾನೆ ಇದ್ದದ್ದು ಹಳೇ ಕಟ್ಟಡವೊಂದರ ನೆಲಮಾಳಿಗೆಯಲ್ಲಿ. ಅವಳ ಊರು ಕೊಚ್ಕೋರಿನಿಂದ ಬಂದ ವ್ಯಾನು ದಾರಿಯಲ್ಲಿ ತಡಮಾಡಿತ್ತು. ಬಟ್ಟೆಯ ಗಂಟನ್ನು ಎದೆಗವುಚಿಕೊಂಡು ಮೆಟ್ಟಿಲಿಳಿದು ನಿಂತಾಗ ಯಂತ್ರಗಳ ಸದ್ದಿಗೆ ಅವಳ ಕಿವಿ ಗುಂಯ್ ಎಂದಿತು. ಯಾರೂ ತಲೆಯೆತ್ತಲಿಲ್ಲ. ಗೋಡೆಯ ಪಕ್ಕದಲ್ಲಿ, ಬಟ್ಟೆಯ ಅಂಚು ಹೊಲಿಯುವ ಓವರ್‌ಲಾಕ್ ಯಂತ್ರದ ಮುಂದೆ ಕೂತಿದ್ದ ದಪ್ಪನೆಯ ಹೆಂಗಸೊಬ್ಬಳು ಮಾತ್ರ ಕೈಬೀಸಿ ಕರೆದಳು. ತಲೆಗೆ ನೀಲಿ ಹೂವಿನ ಚೌಕ ಕಟ್ಟಿದ್ದಳು. ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಒಂದು ಕೆನ್ನೆ ಉಬ್ಬಿತ್ತು. ಹಲ್ಲುನೋವಿರಬೇಕು ಎಂದು ಬುರುಲ್ ಅಂದುಕೊಂಡಳು. ಹತ್ತಿರ ಹೋದ ಮೇಲೆ ಗೊತ್ತಾಯಿತು, ಅದು ಬಾಯಲ್ಲಿಟ್ಟುಕೊಂಡ ಮಿಠಾಯಿ.

"ಯಾವೂರವ್ವ? ಯಾರ ಮಗಳು?"

ಬುರುಲ್ ಊರು ಹೇಳಿದಳು, ಅಪ್ಪನ ಹೆಸರು ಹೇಳಿದಳು, ಅವನು ಕುರಿ ಮೇಯಿಸುವುದನ್ನೂ ಹೇಳಿದಳು.

"ಹಂಗಾದ್ರೆ ಕಣ್ಣು ಚೆನ್ನಾಗಿರ್ಬೇಕು ನಿಂದು. ಎದುರು ಬೆಟ್ಟದ ಕುರಿ ನಮ್ಮದೋ ಪಕ್ಕದವರದೋ ಅಂತ ಇಲ್ಲಿಂದ್ಲೇ ಹೇಳೋ ಕಣ್ಣು. ಬಾ, ಕೂತ್ಕೋ. ಈ ಸೂಜಿಗೆ ಒಂಚೂರು ದಾರ ಪೋಣಿಸಿಕೊಡು. ಇವತ್ತು ಯಾಕೋ ಸೂಜಿ ಕಣ್ಣುಮುಚ್ಚಾಲೆ ಆಡ್ತಿದೆ."

ಬುರುಲ್ ಪೋಣಿಸಿಕೊಟ್ಟಳು. ಜೂರಕನ್ ಮೇಲಂಗಿಯ ಜೇಬಿನಿಂದ ಕಾಗದ ಸುತ್ತಿದ ಮಿಠಾಯಿಯೊಂದನ್ನು ತೆಗೆದು ಅವಳ ಕೈಗಿಟ್ಟು, ಕಚ್ಚಬೇಡ, ನಾಲಿಗೆಯ ಕೆಳಗೆ ಇಟ್ಟುಕೋ, ಅದು ಕರಗುವವರೆಗೂ ನಿದ್ದೆ ಹತ್ತಿರ ಬರುವುದಿಲ್ಲ ಎಂದಳು. ರಾತ್ರಿ ಪಾಳಿಯಲ್ಲಿ ಬುರುಲ್ ಕಲಿತ ಮೊದಲ ಪಾಠ ಅದು.

ಆ ಪಾಳಿಯ ಹೆಂಗಸರೆಲ್ಲ ಹಾಗೇ ಬದುಕುತ್ತಿದ್ದರು. ನಡುರಾತ್ರಿ ಯಂತ್ರಗಳು ನಿಂತಾಗ ಬಟ್ಟೆ ಕತ್ತರಿಸುವ ದೊಡ್ಡ ಮೇಜಿನ ಮೇಲೆ ವಸ್ತ್ರ ಹಾಸುತ್ತಿದ್ದರು. ಮೂಲೆಯಂಗಡಿಯ ಮಾಂಸದ ಸಮ್ಸಾ, ಜಾಮು, ಬಿಸ್ಕತ್ತು, ಚಮಚ ನಿಲ್ಲುವಷ್ಟು ಸಕ್ಕರೆ ಸುರಿದ ಚಹಾ. ತಿಂದ ಮೇಲೆ ಮೈ ಭಾರ. ಆ ಭಾರ ಕಳೆಯಲು ಮತ್ತೆ ಮಿಠಾಯಿ. ಬೆಳಗಿನ ಜಾವಕ್ಕೆ ಎಲ್ಲರ ಮುಖವೂ ಊದಿಕೊಂಡಿರುತ್ತಿತ್ತು. ಇಸ್ತ್ರಿ ಮಾಡುವ ಉಲ್ಪತ್ ಬಾಯಿ ಜೋರಿನವಳು. ನಮ್ಮನ್ನೂ ಇಸ್ತ್ರಿ ಮಾಡಿ ಮನೆಗೆ ಕಳಿಸಬೇಕು, ಇಲ್ಲದಿದ್ದರೆ ಗಂಡಂದಿರು ಗುರುತು ಹಿಡಿಯುವುದಿಲ್ಲ ಎನ್ನುತ್ತಿದ್ದಳು.

ಜೂರಕನ್‌ಗೆ ಗುರುತು ಹಿಡಿಯಬೇಕಾದವರು ಮನೆಯಲ್ಲಿ ಯಾರೂ ಇರಲಿಲ್ಲ. ಗಂಡ ಹೋಗಿ ಬಹಳ ಕಾಲವಾಗಿತ್ತು. ಒಬ್ಬನೇ ಮಗ ಕುಬಾತ್ ಲಾರಿ ಓಡಿಸುತ್ತಿದ್ದ. ಒಂದು ಮಾರ್ಚ್ ತಿಂಗಳಲ್ಲಿ ತೋ-ಅಶೂ ಕಣಿವೆಯಲ್ಲಿ ಬೆಟ್ಟದ ಹಿಮ ಜಾರಿ ಅವನ ಲಾರಿಯ ಮೇಲೆ ಬಿತ್ತು. ಅಗೆದು ತೆಗೆಯುವಷ್ಟರಲ್ಲಿ ದಿನಗಳೇ ಕಳೆದಿದ್ದವು. ಅದಾದ ಮೇಲೆ ಜೂರಕನ್ ಹಗಲು ಪಾಳಿ ಬಿಟ್ಟು ರಾತ್ರಿ ಪಾಳಿ ಕೇಳಿ ಪಡೆದಳು. ಹಗಲು ಹೇಗೋ ಕಣ್ಣು ಮುಚ್ಚುತ್ತದೆ, ರಾತ್ರಿ ಆ ಮನೆಯಲ್ಲಿ ಗೋಡೆಗಳ ಮುಖ ನೋಡಿಕೊಂಡು ಕೂರಲಾರೆ ಎಂದು ಕಾರ್ಖಾನೆಯ ಯಜಮಾನಿ ಸೋನುನ್‌ಗೆ ಹೇಳಿದ್ದಳಂತೆ.

ಚಳಿ ಶುರುವಾಗುವ ಮುಂಚೆ ಒಂದು ರಾತ್ರಿ ಜೂರಕನ್ ಒಂದು ಕಟ್ಟು ಅಂಗಿತೋಳುಗಳನ್ನು ಪೂರ್ತಿ ಸೊಟ್ಟಗೆ ಹೊಲಿದಳು. ಸೋನುನ್ ಅವನ್ನು ಬೆಳಕಿಗೆ ಹಿಡಿದು ನೋಡಿದಳು. ಬೈಯಲಿಲ್ಲ. ಮರುದಿನ ಬುರುಲ್‌ಳನ್ನು ಜೊತೆ ಮಾಡಿ ಆಸ್ಪತ್ರೆಗೆ ಕಳಿಸಿದಳು. ಸಕ್ಕರೆ ಕಾಯಿಲೆ ಎಂದು ಅಲ್ಲಿ ಗೊತ್ತಾಯಿತು. ಅದು ಬಂದು ವರ್ಷಗಳೇ ಆಗಿರಬೇಕು, ಕಣ್ಣಿನ ಹಿಂಭಾಗದ ಸಣ್ಣ ನಾಳಗಳಲ್ಲಿ ರಕ್ತ ಒಸರತೊಡಗಿದೆ ಎಂದಳು ಡಾಕ್ಟರು. ಮಾತ್ರೆ ಬರೆದುಕೊಟ್ಟಳು. ಮಾತ್ರೆಗಿಂತ ಹೆಚ್ಚಾಗಿ ರಾತ್ರಿ ತಿನ್ನುವುದನ್ನು ಬದಲಿಸಬೇಕು, ಸಕ್ಕರೆ ಇಳಿದರೆ ಇರುವ ಕಣ್ಣು ಉಳಿಯುತ್ತದೆ, ಇಳಿಯದಿದ್ದರೆ ಹೊಲಿಗೆಯ ಆಸೆ ಬಿಡಬೇಕು ಎಂದು ಎಚ್ಚರಿಸಿದಳು. ರಾತ್ರಿ ಪಾಳಿಯನ್ನೇ ಬಿಡಲು ಆಗುವುದಿಲ್ಲವೇ ಎಂದು ಕೇಳಿದಳು. ಜೂರಕನ್ ತಲೆಯಾಡಿಸಿದಳು, ಆಗುವುದಿಲ್ಲ ಎನ್ನುವಂತೆ.

ಹಿಂದಿರುಗುವಾಗ ಬಸ್ಸಿನಲ್ಲಿ ಅವಳು ಜೇಬಿನಲ್ಲಿದ್ದ ಮಿಠಾಯಿಯನ್ನೆಲ್ಲ ತೆಗೆದು ಎದುರು ಸೀಟಿನ ಮಕ್ಕಳಿಗೆ ಹಂಚಿಬಿಟ್ಟಳು.

ರಾತ್ರಿಯ ಡಬ್ಬಿಯ ಜವಾಬ್ದಾರಿಯನ್ನು ಬುರುಲ್ ತಾನಾಗಿಯೇ ಹೊತ್ತುಕೊಂಡಳು. ಅವಳ ಬಾಡಿಗೆ ಕೋಣೆ ಜೂರಕನ್ ಮನೆಯ ಬೀದಿಯಲ್ಲೇ ಇತ್ತು. ಸಂಜೆ ಪೇಟೆಯಿಂದ ಮೂಲಂಗಿ, ಸೌತೆಕಾಯಿ, ಕ್ಯಾರೆಟ್ ತಂದು ಬೆರಳುದ್ದಕ್ಕೆ ಸೀಳಿ ತಣ್ಣೀರಿನಲ್ಲಿಡುತ್ತಿದ್ದಳು. ಮೂಲಂಗಿಗೆ ನಾಲ್ಕು ಹನಿ ವಿನಿಗರ್. ಬೇಯಿಸಿದ ಮೊಟ್ಟೆ. ಎಲೆಕೋಸಿನ ದಪ್ಪ ದಂಟು. ಸೀಸೆಯ ತುಂಬ ಚಾಲಾಪ್, ಅಂದರೆ ಹುಳಿ ಮೊಸರಿಗೆ ಮುಕ್ಕಾಲು ನೀರು ಬೆರೆಸಿ ಕಡೆದದ್ದು. ಬೆಳಗಿನ ಜಾವದ ಆ ಕೆಟ್ಟ ಹೊತ್ತಿಗೆ ಅರ್ಧ ಹುಳಿ ಸೇಬು. ರಾತ್ರಿ ಆಗುವುದು ಬಹುಪಾಲು ಹಸಿವಲ್ಲ, ನಿದ್ದೆಯೇ ಹಸಿವಿನ ವೇಷ ಹಾಕಿಕೊಂಡು ಬರುತ್ತದೆ ಎಂಬುದನ್ನು ಇಬ್ಬರೂ ಮೆಲ್ಲಮೆಲ್ಲಗೆ ಕಂಡುಕೊಂಡರು. ಮೊದಲು ಒಂದು ಲೋಟ ಬಿಸಿನೀರು ಕುಡಿದು, ಎದ್ದು ಮೆಟ್ಟಿಲ ತನಕ ಹೋಗಿ ಬಂದರೆ ಅರ್ಧ ಹಸಿವು ಅಲ್ಲೇ ಉಳಿಯುತ್ತಿತ್ತು. ಮಿಕ್ಕರ್ಧಕ್ಕೆ ಕಟುಂ ಎನ್ನುವ ಏನಾದರೂ ಬೇಕು. ಅಗಿಯುವ ಸದ್ದಿಗೇ ಕಣ್ಣು ತೆರೆದುಕೊಳ್ಳುತ್ತದೆ.

"ಪಾಳಿಗೆ ಮೊಲ ಸೇರ್ಕೊಂಡಿದೆ ಕಣ್ರೇ," ಎಂದಳು ಉಲ್ಪತ್. "ಜೂರಕನ್, ಬೆಳಗಾಗೋದ್ರೊಳಗೆ ಬಾಲ ಬಂದ್ರೆ ಹೇಳು. ಕಾಲರಿಗೆ ತುಪ್ಪಳ ಕಮ್ಮಿ ಬಿದ್ದಿದೆ."

"ನಿನ್ನ ಸಮ್ಸಾ ತಿಂದು ಕುರಿ ಆಗೋದಕ್ಕಿಂತ ಇದೇ ವಾಸಿ," ಎಂದಳು ಜೂರಕನ್. "ಕುರೀನ ಹಬ್ಬಕ್ಕೆ ಕಡೀತಾರೆ."

ಇಷ್ಟಾದರೂ ವಾರ ಕಳೆಯುವಷ್ಟರಲ್ಲಿ ಉಲ್ಪತ್‌ಳ ಕೈಯೇ ಮೂಲಂಗಿಯ ಕಡೆ ಚಾಚತೊಡಗಿತು. ರುಚಿ ನೋಡೋಣ ಎನ್ನುತ್ತಿದ್ದಳು. ಆಮೇಲೆ ಬುರುಲ್ ದೊಡ್ಡ ಡಬ್ಬಿ ತರಬೇಕಾಯಿತು. ಚಳಿಗಾಲದ ನಡುವಿಗೆ ಜೂರಕನ್ ಮೈ ಇಳಿದು ಮೇಲಂಗಿ ಜೋಲತೊಡಗಿತು. ಒಂದು ಬೆಳಿಗ್ಗೆ ನಿಲ್ದಾಣದಲ್ಲಿ ದೂರದಿಂದ ಬರುತ್ತಿದ್ದ ಟ್ರಾಲಿಬಸ್ಸಿನ ಹಲಗೆಯನ್ನು ಅವಳೇ ಮೊದಲು ಓದಿ, ನಮ್ಮದಲ್ಲ, ಕೂತ್ಕೋ ಎಂದಳು. ಬುರುಲ್ ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡಳು.

ಡಾಕ್ಟರು ಮಾತ್ರ ಪೂರ್ತಿ ಸಮಾಧಾನಗೊಳ್ಳಲಿಲ್ಲ. ಪಾಳಿ ಮುಗಿಸಿ ಬರುವಾಗ ಮಾಡಿಸಿದ ಪರೀಕ್ಷೆಗಳ ಚೀಟಿ ನೋಡಿ, ಸಕ್ಕರೆ ವಾರವಿಡೀ ಹಿಡಿತದಲ್ಲಿದ್ದು ಶುಕ್ರವಾರ ಮಾತ್ರ ಏಕೆ ಹಾರುತ್ತದೆ ಎಂದು ಕೇಳಿದಳು. ಜೂರಕನ್ ಏನನ್ನೂ ಮುಚ್ಚಿಡಲಿಲ್ಲ. ಹಿಂದಿನ ದಿನ ಗುರುವಾರವಲ್ಲವೇ ಎಂದಳು. ಡಾಕ್ಟರಿಗೂ ಬುರುಲ್‌ಗೂ ಅಷ್ಟೇ ಸಾಕಾಯಿತು.

ಗುರುವಾರ ಸತ್ತವರ ದಿನ. ಅವತ್ತು ಮನೆಮನೆಯಲ್ಲಿ ಎಣ್ಣೆ ಕಾಯಿಸಿ ಬೋರ್ಸೋಕ್ ಕರಿಯುತ್ತಾರೆ. ಹಿಟ್ಟಿನ ಆ ಸಣ್ಣ ಉಂಡೆಗಳು ಕಾದ ಎಣ್ಣೆಯಲ್ಲಿ ಉಬ್ಬುವಾಗ ಏಳುವ ವಾಸನೆ ತೀರಿಕೊಂಡವರಿಗೆ ಮುಟ್ಟುತ್ತದೆ. ಕರಿದರಷ್ಟೇ ಸಾಲದು, ಅವರ ಹೆಸರು ಹೇಳಿ ಪ್ರಾರ್ಥನೆ ಮಾಡಿ ಬದುಕಿರುವವರು ತಿನ್ನಬೇಕು. ರಾತ್ರಿ ಪಾಳಿಯವರು ತಂತಮ್ಮ ಮನೆಯದನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಬರುತ್ತಿದ್ದರು. ಮಗನನ್ನು ಕಳೆದುಕೊಂಡ ತಾಯಿಯ ಪ್ರಾರ್ಥನೆ ಬೇಗ ಮುಟ್ಟುತ್ತದೆ ಎಂದು ಪ್ರತಿಯೊಬ್ಬಳೂ ಮೊದಲ ಉಂಡೆಗಳನ್ನು ಜೂರಕನ್ ಮುಂದೆಯೇ ಇಡುತ್ತಿದ್ದಳು. ಅವಳ ಮೇಲಿನ ಗೌರವ ಅದು. ಜೂರಕನ್ ಯಾರದನ್ನೂ ಬೇಡ ಎನ್ನುತ್ತಿರಲಿಲ್ಲ. ಆ ರಾತ್ರಿ ಡಬ್ಬಿ ಮುಚ್ಚಿದ ಹಾಗೇ ಮನೆಗೆ ಹೋಗುತ್ತಿತ್ತು.

ಬುರುಲ್ ಹೆಂಗಸರನ್ನೆಲ್ಲ ಮೆಟ್ಟಿಲ ಹತ್ತಿರ ಕರೆದು ವಿಷಯ ತಿಳಿಸಿದಳು. ಉಲ್ಪತ್ ಕೂಡ ಅವತ್ತು ತಮಾಷೆ ಮಾಡಲಿಲ್ಲ. ಇನ್ನು ಮುಂದೆ ಜೂರಕನ್ ಮುಂದೆ ಉಂಡೆ ಇಡುವುದಿಲ್ಲ, ಉಗುರಿನಷ್ಟು ಮುರಿದು ಬಾಯಿಗೆ ಮುಟ್ಟಿಸಿದರೆ ಸಾಕು ಎಂದು ತೀರ್ಮಾನವಾಯಿತು. ಬೇರೆಯವರ ಮನೆಯ ಸತ್ತವರ ಮಟ್ಟಿಗೆ ಜೂರಕನ್ ಇದಕ್ಕೆ ಒಪ್ಪಿದಳು. ಕುಬಾತ್ ಹೆಸರಿನಲ್ಲಿ ತಾನೇ ಕರಿದು ತಂದದ್ದರ ಮಾತು ಬಂದಾಗ ಒಪ್ಪಲಿಲ್ಲ.

ಉಗುರಿನಷ್ಟಾದರೂ ಮುಟ್ಟುತ್ತದೆ ಎಂದು ಮುಲ್ಲಾ ಹೇಳಿದ್ದಾರೆ ಎಂದಳು ಬುರುಲ್. ಅವಳು ಅದಕ್ಕಾಗಿಯೇ ಮಸೀದಿಗೆ ಹೋಗಿ ಕೇಳಿ ಬಂದಿದ್ದಳು.

"ಮುಲ್ಲಾನ ಮಗ ಹಿಮದಡೀಲಿ ಸತ್ತಿದ್ನೇನೆ?" ಎಂದಳು ಜೂರಕನ್. ಕೋಪದಿಂದ ಕೇಳಿದ್ದಲ್ಲ. "ನನ್ನ ಮಗನ್ನ ತೆಗೆದಾಗ ಅವನ ಜೇಬಲ್ಲಿ ನಾನು ಕಟ್ಕೊಟ್ಟ ರೊಟ್ಟೀದು ಒಂದು ಚೂರೂ ಇರ್ಲಿಲ್ಲ ಬುರುಲ್. ತಿಂದು ಮುಗ್ಸಿದ್ದ. ಅಂದ್ರೆ ಆಮೇಲೂ ಬದುಕಿದ್ದ. ಹಸ್ಕೊಂಡು ಬದುಕಿದ್ದ. ಬೇರೆಯವ್ರು ಬಾಯಿಗೆ ಮುಟ್ಸಿದ್ರೆ ಸಾಕು. ನಾನು ಹೊಟ್ಟೆ ತುಂಬ ತಿಂದ್ರೆ ತಾನೆ ಅವನ ಹೊಟ್ಟೆ ತುಂಬೋದು?"

ಬುರುಲ್ ಅವಳ ಪಕ್ಕ ಕೂತು, ನಾವೆಲ್ಲ ಸೇರಿ ತಿನ್ನುತ್ತೇವೆ, ನಿನ್ನ ಪಾಲನ್ನು ನಾವು ತಿಂದರೆ ಅವನಿಗೆ ಇನ್ನೂ ಹೆಚ್ಚು ಮುಟ್ಟುತ್ತದೆ ಎಂದಳು. ಜೂರಕನ್ ಯೋಚಿಸಿದಳು. ಒಪ್ಪಿದಳು.

ಹಾಗೆ ಕೆಲವು ಗುರುವಾರ ನಡೆಯಿತು. ಕುಬಾತ್‌ನ ಮುಖವನ್ನೇ ನೋಡಿರದ ಹೆಂಗಸರು ಅವನ ಹೆಸರು ಹೇಳಿ ಅವನಮ್ಮ ಕರಿದದ್ದನ್ನು ಒಂದೂ ಬಿಡದೆ ತಿಂದರು. ಸಮ್ಸಾ ಬಿಟ್ಟು ಮೈ ಇಳಿಸುತ್ತಿದ್ದ ಉಲ್ಪತ್ ಎಲ್ಲರಿಗಿಂತ ಹೆಚ್ಚು ತಿಂದಳು. ಜೂರಕನ್ ಉಗುರಿನಷ್ಟು ಬಾಯಿಗೆ ಹಾಕಿಕೊಂಡು ಅವರು ಅಗಿಯುವುದನ್ನು ಕೊನೆಯ ತುತ್ತಿನವರೆಗೂ ನೋಡುತ್ತ ಕೂರುತ್ತಿದ್ದಳು. ಆಮೇಲೆ ಡಬ್ಬಿ ತೆರೆದು ಕ್ಯಾರೆಟ್ ತಿನ್ನುತ್ತಿದ್ದಳು. ಶುಕ್ರವಾರದ ಸಕ್ಕರೆಯೂ ಇಳಿಯಿತು. ಹೀಗೇ ಇದ್ದರೆ ಬೇಸಿಗೆಯ ಹೊತ್ತಿಗೆ ಕಣ್ಣಿನ ಭಯ ಇರುವುದಿಲ್ಲ ಎಂದಳು ಡಾಕ್ಟರು.

ಮಾರ್ಚ್ ಬಂತು. ಒಂದು ಬೆಳಗಿನ ನಿದ್ದೆಯಲ್ಲಿ ಕುಬಾತ್ ಜೂರಕನ್‌ಗೆ ಕನಸಿನಲ್ಲಿ ಕಾಣಿಸಿಕೊಂಡ. ಹೊಸ್ತಿಲಾಚೆ ನಿಂತಿದ್ದನಂತೆ, ಒಳಗೆ ಬರಲಿಲ್ಲವಂತೆ, ಏನೂ ಮಾತಾಡಲಿಲ್ಲವಂತೆ. ಸತ್ತವರು ಕನಸಿಗೆ ಬಂದರೆ ಅವರು ಏನನ್ನೋ ಕೇಳುತ್ತಿದ್ದಾರೆ ಎಂದೇ ಅರ್ಥ. ಇದನ್ನು ಜೂರಕನ್ ಆಗ ಯಾರಿಗೂ ಹೇಳಲಿಲ್ಲ. ಮುಂದಿನ ಗುರುವಾರ ಕಾರ್ಖಾನೆಗೆ ಎಂದಿನಂತೆ ಬೋರ್ಸೋಕ್ ತಂದಳು, ಎಂದಿನಂತೆ ಉಗುರಿನಷ್ಟು ತಿಂದಳು, ಆಮೇಲೆ ಕ್ಯಾರೆಟ್ಟನ್ನೂ ತಿಂದಳು. ಯಾರಿಗೂ ಅನುಮಾನ ಬರಲಿಲ್ಲ. ಅವಳು ಕೆಲಸಕ್ಕೆ ಹೊರಡುವ ಮುಂಚೆ ಮನೆಯಲ್ಲಿ ಒಬ್ಬಳೇ ಕೂತು ಒಂದು ತಟ್ಟೆ ಖಾಲಿ ಮಾಡಿ ಬರುತ್ತಿದ್ದಳು. ಮೊದಲು ಗುರುವಾರ ಮಾತ್ರ. ಮತ್ತೆ ಕನಸು ಬಿದ್ದಾಗ ಬೇರೆ ದಿನವೂ. ಪರೀಕ್ಷೆಗೆ ಹೋಗುವುದನ್ನು ಏನಾದರೊಂದು ನೆಪ ಹೇಳಿ ಮುಂದೂಡತೊಡಗಿದಳು.

ಬುರುಲ್‌ಗೆ ಗೊತ್ತಾದದ್ದು ಏಪ್ರಿಲ್‌ನಲ್ಲಿ. ಸೌತೆಕಾಯಿ ಹೆಚ್ಚಿಕೊಂಡು ಹೋಗೋಣವೆಂದು ಆ ಸಂಜೆ ಬೇಗ ಜೂರಕನ್ ಮನೆಗೆ ಹೋದಳು. ಅವತ್ತು ಗುರುವಾರವಾಗಿರಲಿಲ್ಲ. ಬಾಗಿಲಲ್ಲೇ ಕಾದ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಜೂರಕನ್ ಒಲೆಯ ಪಕ್ಕದ ಚಾಪೆಯ ಮೇಲೆ ಕೂತು ತಟ್ಟೆಯನ್ನು ಮಡಿಲಲ್ಲಿ ಇಟ್ಟುಕೊಂಡು ತಿನ್ನುತ್ತಿದ್ದಳು. ಆಸೆಪಟ್ಟು ತಿನ್ನುವವರ ಮುಖವಾಗಿರಲಿಲ್ಲ ಅದು. ಮಗುವಿಗೆ ಬಲವಂತವಾಗಿ ಉಣಿಸುವ ತಾಯಿಯ ಹಾಗೆ ಒಂದಾದ ಮೇಲೊಂದು ಬಾಯಿಗೆ ಹಾಕಿಕೊಳ್ಳುತ್ತಿದ್ದಳು.

"ಅಕ್ಕ, ಸಾಕು. ಕಣ್ಣು ಹೋಗುತ್ತೆ."

"ಗೊತ್ತು ಕಣೆ."

"ಕಣ್ಣು ಹೋದ್ರೆ ಯಂತ್ರದ ಮುಂದೆ ಹೆಂಗೆ ಕೂರ್ತೀಯ? ರಾತ್ರಿಯೆಲ್ಲ ಈ ಮನೇಲಿ ಒಬ್ಳೇ ಇರ್ಬೇಕಾಗುತ್ತೆ."

ಜೂರಕನ್ ಬಾಯಲ್ಲಿದ್ದದ್ದನ್ನು ನುಂಗಿದಳು.

"ನೀವು ತಿಂದಿದ್ದು ಅವನಿಗೆ ಮುಟ್ಟಿದ್ರೆ ಕನಸಲ್ಲಿ ಬಾಗಿಲಿಗೆ ಯಾಕವ್ವ ಬಂದು ನಿಲ್ತಿದ್ದ? ನಿಮ್ಮ ತಪ್ಪಲ್ಲ. ಅವನಿಗೆ ನಿಮ್ಮ ಪರಿಚಯ ಇಲ್ಲ. ನೀನು ಡಬ್ಬಿ ತುಂಬ್ಕೊಂಡು ಬರ್ತೀಯಲ್ಲ, ನಂಗೆ ಅದ್ರ ಋಣ ಗೊತ್ತಿಲ್ಲ ಅಂತ ತಿಳ್ಕೋಬೇಡ. ರಾತ್ರಿ ಹೊತ್ತು ನೀನು ಹೇಳಿದ್ದೇ ತಿಂತೀನಿ. ಇದೊಂದಕ್ಕೆ ಅಡ್ಡ ಬರಬೇಡ."

ತಟ್ಟೆಯನ್ನು ಕಿತ್ತುಕೊಳ್ಳಲು ಬುರುಲ್‌ಗೆ ಕೈ ಬರಲಿಲ್ಲ. ಸತ್ತವನ ಊಟ ಅದು. ಅವಳು ಅಡುಗೆ ಕಟ್ಟೆಯ ಹತ್ತಿರ ಹೋಗಿ ಬೆನ್ನು ತಿರುಗಿಸಿ ನಿಂತು ಸೌತೆಕಾಯಿ ಹೆಚ್ಚಿದಳು. ಅವತ್ತು ರಾತ್ರಿ ಜೂರಕನ್ ಕೊಟ್ಟ ಮಾತಿನಂತೆ ಅದನ್ನು ಒಂದು ಹೋಳೂ ಬಿಡದೆ ತಿಂದಳು. ಸೋನುನ್ ಕೂಡ ಬಂದು ಗಂಟೆಗಟ್ಟಲೆ ಬುದ್ಧಿ ಹೇಳಿದಳು. ಜೂರಕನ್ ಎಲ್ಲದಕ್ಕೂ ಹೂಂಗುಟ್ಟಿದಳು.

ಶಾಲೆಯ ಸಮವಸ್ತ್ರದ ಕೆಲಸ ಜೋರಾಗಿದ್ದ ಬೇಸಿಗೆಯಲ್ಲಿ ಒಂದು ರಾತ್ರಿ ಅವಳ ಯಂತ್ರ ತಟ್ಟನೆ ನಿಂತಿತು. ಎಡಗಣ್ಣಿನ ಮುಂದೆ ಮಸಿ ಹರಿದ ಹಾಗಾಗುತ್ತಿದೆ ಎಂದಳು. ಬಲಗಣ್ಣು ಅದಕ್ಕೂ ಮೊದಲೇ ಮಂಜಾಗಿತ್ತಂತೆ, ಹೇಳಿರಲಿಲ್ಲ. ಆಸ್ಪತ್ರೆಯಲ್ಲಿ ಲೇಸರ್ ಚಿಕಿತ್ಸೆ ಮಾಡಿದರು, ಸೂಜಿಮದ್ದು ಹಾಕಿದರು. ಕೊನೆಗೆ ಉಳಿದದ್ದು ಬೆಳಕು ಯಾವ ಕಡೆಯಿಂದ ಬರುತ್ತಿದೆ ಎಂದು ಗೊತ್ತಾಗುವಷ್ಟು ದೃಷ್ಟಿ. ತುಂಬಾ ತಡವಾಯಿತು ಎಂದಳು ಡಾಕ್ಟರು. ಬುರುಲ್ ವಾರ್ಡಿನ ಹೊರಗೆ ಗೋಡೆಗೆ ಒರಗಿ ಅತ್ತಳು. ಒಳಗೆ ಜೂರಕನ್ ಪಕ್ಕದ ಹಾಸಿಗೆಯವಳಿಗೆ, ಮಗಳೇ, ರಾತ್ರಿ ಹೊತ್ತು ಸಿಹಿ ತಿನ್ನಬೇಡ, ಮೂಲಂಗಿ ಸೀಳಿ ಇಟ್ಟುಕೋ ಎಂದು ಹೇಳುತ್ತಿದ್ದದ್ದು ಅವಳಿಗೆ ಕೇಳಿಸಿತು.

ಓವರ್‌ಲಾಕ್ ಯಂತ್ರಕ್ಕೆ ತಲಾಸ್ ಕಡೆಯ ಬೇರೆ ಹೆಂಗಸು ಬಂದಳು. ಬುರುಲ್ ಬಾಡಿಗೆ ಕೋಣೆ ಬಿಟ್ಟು ಜೂರಕನ್ ಮನೆಯಲ್ಲೇ ಉಳಿದುಕೊಂಡಳು. ರಾತ್ರಿ ಅಲ್ಲಿ ಇರುವುದಕ್ಕಾಗಿ ಹಗಲು ಪಾಳಿಗೆ ಬದಲಾಯಿಸಿಕೊಂಡಳು.

ಜೂರಕನ್ ಅಕ್ಕ ಈಗ ಅದೇ ಕಾರ್ಖಾನೆಯ ಹಗಲು ಪಾಳಿಯಲ್ಲಿ, ಹೊಲಿದಿಟ್ಟ ಅಂಗಿಗಳ ತೋಳನ್ನು ಕೈಯಿಂದಲೇ ತಡವಿ ಸರಿಮಗ್ಗುಲಿಗೆ ತಿರುವಿ, ಮಡಿಚಿ, ಚೀಲಕ್ಕೆ ತುಂಬುವ ಕೆಲಸ ಮಾಡುತ್ತಾಳೆ.