ಹನ್ನೆರಡು ಮನೆಗಳಿಗೆ ಕುಂಕುಮ

ನಡೆದದ್ದು ಇಷ್ಟೇ. ನನ್ನ ಮೊಮ್ಮಗಳು ಶಶಿಕಲಾ ಮತ್ತು ಅವಳ ಜೊತೆಯ ಹುಡುಗರು ಬಸವನ ಬಾಗೇವಾಡಿಯಲ್ಲಿ ವಿಚಾರ ಸಂಕಿರಣ ಇಟ್ಟುಕೊಂಡಿದ್ದರು, ನಾನು ಅದನ್ನು ಮದುವೆ ಮಾಡಿಬಿಟ್ಟೆ. ತಪ್ಪು ನನ್ನದೇ. ಆದರೆ ನಾನು ಹೋಗದಿದ್ದರೆ ಅವರು ಖಾಲಿ ಕುರ್ಚಿಗಳಿಗೆ ಭಾಷಣ ಮಾಡಬೇಕಾಗುತ್ತಿತ್ತು. ಎರಡೂ ಖರೆ.

ಶಶಿಕಲಾ ಮೂರು ವರ್ಷದಿಂದ ಒಂದೇ ವಿಷಯದ ಬೆನ್ನು ಹತ್ತಿದ್ದಾಳೆ. ಮನೆಯಲ್ಲಿ ಒಂದು ಮಾತು, ಸಾಲಿಯಲ್ಲಿ ಇನ್ನೊಂದು ಮಾತು ಇರುವ ಮಕ್ಕಳು ಹೇಗೆ ಕಲಿಯುತ್ತಾರೆ ಎಂಬುದೇ ಅವಳ ಪಿಎಚ್.ಡಿ. ಸಂಕಿರಣಕ್ಕೆ ದೂರದ ಊರುಗಳಿಂದ ದೊಡ್ಡ ದೊಡ್ಡ ಓದಿದವರು ಬರುವವರಿದ್ದರು. ಅದರಲ್ಲಿ ಒಂದು ತಾಸು ಮಾತ್ರ ಅವಳದು. ಅಂಥ ಮಕ್ಕಳ ತಾಯಂದಿರು ಬಂದು ತಮ್ಮ ಮನೆಯ ಮಾತಿನಲ್ಲೇ ಹೇಳಬೇಕು, ಓದಿದವರು ಕೇಳಬೇಕು. ಹನ್ನೆರಡು ತಾಯಂದಿರ ಪಟ್ಟಿ ಮಾಡಿ, ಎಲ್ಲರ ಮೊಬೈಲಿಗೂ ಬಣ್ಣದ ಕಾರ್ಡು ಕಳಿಸಿದ್ದಳು. ಹತ್ತು ದಿನವಾದರೂ ಒಬ್ಬರೂ ಹೂಂ ಅನ್ನಲಿಲ್ಲ. ಅವಳ ಗೈಡ್ ಸರ್, “ಭಾನುವಾರ ಸಂಜೆಯೊಳಗೆ ತಾಯಂದಿರು ಬರುವುದು ಗಟ್ಟಿಯಾಗದಿದ್ದರೆ ಆ ಗೋಷ್ಠಿ ತೆಗೆದುಹಾಕೋಣ” ಎಂದಿದ್ದರು. ಗುರುವಾರ ಹುಡುಗಿ ನಮ್ಮೂರು ಕನ್ನೊಳ್ಳಿಗೆ ಬಂದಾಗ ಮುಖ ಬಾಡಿದ ಬದನೆಕಾಯಿ ಆಗಿತ್ತು.

“ಎಲ್ಲಾರೂ ಕಾರ್ಡ ನೋಡ್ಯಾರ ಆಯಿ. ಯಾರೂ ಬರ್ತೇವಿ ಅನ್ನವೊಲ್ರು.”

“ಮೊಬೈಲಿನಾಗ ಕರದ್ರ ಯಾರ ಬರ್ತಾರು? ಮನಿಗೆ ಹೋಗಿ, ಕುಂಕುಮ ಹಚ್ಚಿ ಕರದಿ ಏನು?”

“ಇದು ಮದುವಿ ಅಲ್ಲ ಆಯಿ!”

“ಮದುವಿ ಅಲ್ಲಂದ್ರ ಮತ್ತಷ್ಟು ಕರೀಬೇಕು. ಮದುವಿಗೆ ಊಟದ ಆಸೇಕರ ಬರ್ತಾರು. ಭಾಷಣಕ್ಕ ಏನಂತ ಬರ್ಬೇಕು?”

ಶುಕ್ರವಾರ ಬೆಳಿಗ್ಗೆ ಏಳಕ್ಕೆ ಹೊರಟೆವು. ನನ್ನ ಚೀಲದಲ್ಲಿ ಕುಂಕುಮದ ಬಟ್ಟಲು, ಅಕ್ಕಿಕಾಳು, ಒಂದು ಪೊಟ್ಟಣ ಸಕ್ಕರೆ, ನಾಲ್ಕು ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ. ಅವಳ ಚೀಲದಲ್ಲಿ ಲ್ಯಾಪ್‌ಟಾಪು. ಹೆಂಗಸರಿಗೆ ಬಸ್ಸಿನ ಖರ್ಚಿಲ್ಲ, ಆಧಾರ್ ತೋರಿಸಿದರೆ ಕಂಡಕ್ಟರ್ ಸೊನ್ನೆಯ ಚೀಟಿ ಹರಿದು ಕೊಡುತ್ತಾನೆ. ಸಿಂದಗಿಯಲ್ಲಿ ಬಸ್ಸು ಬದಲಿಸಿ ಇಂಡಿಗೆ ಹೋಗುವ ಬಸ್ಸು ಹತ್ತಿದೆವು. ಚಳಿ ಇತ್ತು, ಕಿಟಕಿಯ ಗಾಜು ಮುಚ್ಚುತ್ತಿರಲಿಲ್ಲ. ಎರಡೂ ಕಡೆ ಬಿಳಿಜೋಳ ಎದೆಮಟ್ಟ ನಿಂತಿತ್ತು. ಶಶಿಕಲಾ ದಾರಿಯುದ್ದಕ್ಕೂ ಫೋನಿನಲ್ಲಿ ಬ್ಯಾನರಿನವನ ಜೊತೆ, ಮೈಕಿನವನ ಜೊತೆ, ಊಟದವನ ಜೊತೆ ಮಾತಾಡಿದಳು. “ಎಂಬತ್ತು ಊಟ, ಎಂಬತ್ತೇ” ಎಂದು ಮೂರು ಸಲ ಹೇಳಿದ್ದು ನನಗೆ ನೆನಪಿದೆ. ಆಗಲೇ ಎಚ್ಚರವಾಗಬೇಕಿತ್ತು, ಆಗಲಿಲ್ಲ.

ಇಂಡಿಯಿಂದ ಆಟೋದಲ್ಲಿ ಮುಂದೆ ಹೋಗಿ, ಲಿಂಬೆಯ ತೋಟದೊಳಗಿನ ಮನೆಗೆ ಮೊದಲು ಹೋದೆವು. ಅವರ ಮನೆಮಾತು ಮರಾಠಿ. ಸೊಸೆ ಸುಮನ್ ಪಟ್ಟಿಯಲ್ಲಿದ್ದವಳು. ಬಾಗಿಲಲ್ಲಿ ನಿಂತವಳು ಅವಳ ಅತ್ತೆ.

“ಫೋನಿನಾಗ ಕಾರ್ಡ ಬಂದಿತ್ತಲ್ರಿ?” ಎಂದಳು ಶಶಿಕಲಾ.

“ಬಂದಿತ್ತು. ಫೋನಿಗೆ ದಿನಾ ಸಾಲ ಕೊಡ್ತೇವಿ ಅಂತನೂ ಬರ್ತಾವು, ಅದಕ್ಕೂ ಹೋಗೂಣೇನು?” ಎಂದಳು ಅತ್ತೆ.

ನನಗೆ ಆ ಮುದುಕಿ ಅಲ್ಲಿಯೇ ಹಿಡಿಸಿದಳು. ನಾನು ಗಂಡ ಸತ್ತವಳು, ಕುಂಕುಮ ಹಚ್ಚುವಂತಿಲ್ಲ. ಹೀಗಾಗಿ ಹುಡುಗಿ ಹಚ್ಚಿದಳು, ಮಾತು ನಾನಾಡಿದೆ. ಮಾತೆಂದರೆ ನಲವತ್ತು ವರ್ಷದಿಂದ ಮದುವೆ, ತೊಟ್ಟಿಲಿಗೆ ಆಡಿಕೊಂಡು ಬಂದ ಮಾತೇ: “ಸೋಮವಾರ ಬಾಗೇವಾಡ್ಯಾಗ ನಮ್ಮ ಹುಡುಗಿ ಕಾರ್ಯೇ ಐತಿ. ಮನಿಮಂದಿ ಎಲ್ಲಾರೂ ಬರಬೇಕ್ರಿ, ಮಕ್ಕಳನ್ನ ಬಿಟ್ಟು ಬರಬ್ಯಾಡ್ರಿ.” ಅತ್ತೆಯ ಮುಖ ಸಡಿಲವಾಯಿತು. ಚಹಾ ಬಂತು, ಹೊರಡುವಾಗ ಒಂದು ಕೈಚೀಲ ಲಿಂಬೆಹಣ್ಣೂ ಬಂತು. ಸಂಜೆಯೊಳಗೆ ಅಲ್ಲಿಯ ನಾಲ್ಕೂ ಮನೆ ಮುಗಿದವು. ನಾಲ್ಕೂ ಕಡೆ ಹೂಂ ಅಂದರು. ರಾತ್ರಿ ಬೀಗರ ಮನೆಯಲ್ಲಿ ಉಳಿದೆವು.

ಶನಿವಾರ ಬಿಜಾಪುರದಲ್ಲಿ ಇಳಿದು, ಮುದ್ದೇಬಿಹಾಳದ ಬಸ್ಸು ಹಿಡಿದೆವು. ಸೀಟು ಸಿಗಲಿಲ್ಲ, ಲಿಂಬೆಹಣ್ಣಿನ ಚೀಲದ ಮೇಲೆ ಕಾಲು ಬಿದ್ದಿತೆಂದು ಒಬ್ಬನ ಜೊತೆ ಜಗಳವೂ ಆಯಿತು. ಮುದ್ದೇಬಿಹಾಳದ ಬಸ್‌ಸ್ಟ್ಯಾಂಡಿನಲ್ಲಿ ರವಿ ನಿಂತಿದ್ದ. ಶಶಿಕಲಾಳ ಜೊತೆಗೆ ಓದುವವನು, ಅಲ್ಲಿಯ ಲಂಬಾಣಿ ತಾಂಡಾದ ಹುಡುಗ. ನಮ್ಮನ್ನು ಸೋಮಲಿಬಾಯಿಯ ಮನೆಗೆ ಕರೆದೊಯ್ದ. ಅವಳು ತೊಗರಿ ತೂರುತ್ತಿದ್ದಳು, ಕೈಯ ಮೊರ ಕೆಳಗಿಡಲಿಲ್ಲ.

“ನಾನು ಬಂದು ಏನ ಹೇಳ್ಲಿ? ನನಗ ಭಾಷಣ ಬರಂಗಿಲ್ಲ” ಎಂದಳು.

“ನನಗೂ ಬರಂಗಿಲ್ಲ. ನಾ ಓದಿದ್ದು ಮೂರನೇ ಇಯತ್ತೆ. ಮಗಳ ಸಾಲಿ ಸುದ್ದಿ ಹೇಳಾಕ ಭಾಷಣ ಯಾಕ ಬೇಕವ್ವಾ?”

ಅವಳು ಮಗಳು ಪೂಜಾಳನ್ನು ನೋಡಿದಳು. ಎರಡನೇ ಇಯತ್ತೆಯ ಹುಡುಗಿ, ಬಾಗಿಲ ಹಿಂದೆ ಅರ್ಧ ಕಾಣುತ್ತಿತ್ತು. ಸೋಮಲಿಬಾಯಿ ಮೊರ ಕೆಳಗಿಟ್ಟು ಹಣೆ ಮುಂದೆ ಮಾಡಿದಳು. ಶಶಿಕಲಾ ಅವಸರದಲ್ಲಿ ಹಚ್ಚಿದ ಕುಂಕುಮ ಮೂಗಿನ ಮೇಲೂ ಉದುರಿತು. ನಾನು ಮತ್ತೆ ಅದೇ ಮಾತು ಹೇಳಿದೆ: ಮನಿಮಂದಿ ಎಲ್ಲಾರೂ. ತಾಂಡಾದ ಉಳಿದ ಮೂರು ಮನೆಯಲ್ಲೂ ಅದೇ.

ಭಾನುವಾರ ಬಾಗೇವಾಡಿ ಸೇರಿ, ಹತ್ತಿರದ ಮಸೂತಿ ಎಂಬ ಊರಿನಲ್ಲಿ ಉಳಿದ ನಾಲ್ಕು ಮನೆ ಮುಗಿಸಿದೆವು. ಅವು ಉರ್ದು ಮಾತಾಡುವ ಮನೆಗಳು. ಅಲ್ಲಿ ಕುಂಕುಮವಿಲ್ಲ, ಸಕ್ಕರೆ ಕೊಟ್ಟು ಕರೆದೆವು. ಸಂಜೆ ಶಶಿಕಲಾ ಗೈಡ್ ಸರ್‌ಗೆ ಫೋನು ಹಚ್ಚಿ, “ಹನ್ನೆರಡೂ ಜನ ಬರ್ತಾರ ಸರ್!” ಎಂದು ಕೂಗಿದಾಗ ಕಾಲೇಜಿನ ಹಾಲಿನಲ್ಲಿ ಬ್ಯಾನರು ಕಟ್ಟುತ್ತಿದ್ದ ಹುಡುಗರು ಏಣಿಯ ಮೇಲಿಂದಲೇ ಸಿಳ್ಳೆ ಹೊಡೆದರು. ನನಗೂ ಹುರುಪು ಬಂತು. ಎರಡು ಲೋಟ ಚಹಾ ಕುಡಿದೆ.

ಸೋಮವಾರ ಸಂಕಿರಣ ಹತ್ತಕ್ಕೆ. ಎಂಟಕ್ಕೇ ಮೊದಲ ಟಂಟಂ ಆಟೋ ಬಂದು ನಿಂತಿತು. ಸುಮನ್ ಇಳಿದಳು. ಹಿಂದೆ ಅತ್ತೆ, ಮಾವ, ಗಂಡ, ಮೈದುನ, ನಾದಿನಿ, ಐದು ಮಕ್ಕಳು. ಅತ್ತೆಯ ಕೈಯಲ್ಲಿ ತೆಂಗಿನಕಾಯಿ, ಜಂಪರ್ ಪೀಸು. ಆಮೇಲೆ ಇನ್ನೊಂದು ಟಂಟಂ, ಒಂದು ಟ್ರ್ಯಾಕ್ಟರು, ತಾಂಡಾದಿಂದ ಬಾಡಿಗೆಯ ಕ್ರೂಸರು. ಸೋಮವಾರ ನಮ್ಮ ಕಡೆ ಎತ್ತು ಹೂಡುವುದಿಲ್ಲವಲ್ಲ, ಗಂಡಸರೂ ಖಾಲಿ ಇದ್ದರು. ನೋಡನೋಡುತ್ತಲೇ ಹಾಲಿನ ಮುಂದೆ ನೂರಕ್ಕೂ ಹೆಚ್ಚು ಮಂದಿ. ಎಲ್ಲರ ಕೈಯಲ್ಲೂ ಆಯೇರಿ, ಮದುವೆಗೆ ಒಯ್ಯುವ ಉಡುಗೊರೆ. ಸುಮನ್‌ಳ ಅತ್ತೆ ನನ್ನನ್ನು ಹಿಡಿದು ನಿಲ್ಲಿಸಿ, “ಮದಮಗಳು ಎಲ್ಲಿ?” ಎಂದಳು.

ಗೈಡ್ ಸರ್ ಓಡಿಬಂದರು. “ಅಜ್ಜಿ, ಪಟ್ಟಿಯಲ್ಲಿ ಹನ್ನೆರಡು ಜನ ಇದ್ದರಲ್ಲ!”

“ಹನ್ನೆರಡು ಮನಿ ಇದ್ದವ್ರಿ ಸಾಹೇಬ್ರ” ಎಂದೆ. “ನಮ್ಮಾಗ ಮನಿ ಕರೀತೇವಿ, ಮನಶಾನ್ನ ಕರ್ಯಂಗಿಲ್ಲ.”

ಶಶಿಕಲಾ ನನ್ನನ್ನು ನೋಡಿದ ನೋಟ ಹೇಳಲಾರೆ. “ಆಯಿ, ಊಟ ಎಂಬತ್ತ ಅದಾವು” ಎಂದಳು, ಅಷ್ಟೇ. ತಪ್ಪು ಮಾಡಿದವಳು ಕೂತು ಅಳಬಾರದು. ರವಿಯನ್ನು ಪೇಟೆಗೆ ಓಡಿಸಿ ಎರಡು ಚೀಲ ಚುರುಮರಿ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಪುಟಾಣಿ ಹಿಟ್ಟು ತರಿಸಿದೆ. ಕಾಲೇಜಿನ ಹಿಂದೆ ಕಲ್ಲು ಹೂಡಿ ಒಲೆ ಮಾಡಿದೆವು. ಮಸೂತಿಯ ಹೆಂಗಸರು ಹೇಳದೆಯೇ ಹೆಚ್ಚಲು ಕೂತರು, ತಾಂಡಾದವರು ನೀರು ಹೊತ್ತರು, ಇಂಡಿಯ ಲಿಂಬೆಹಣ್ಣು ಸರಿಯಾಗಿ ಕೆಲಸಕ್ಕೆ ಬಂತು. ದೊಡ್ಡ ಬುಟ್ಟಿ ತುಂಬಾ ಚುರುಮರಿಯ ಒಗ್ಗರಣೆ ಸೂಸಲ ಆಯಿತು. ಪರವೂರಿನ ಓದಿದವರೂ ಎರಡೆರಡು ಸಲ ಹಾಕಿಸಿಕೊಂಡರು.

ತಾಯಂದಿರ ಗೋಷ್ಠಿ ಮಧ್ಯಾಹ್ನಕ್ಕೆ. ಕುರ್ಚಿ ಸಾಲದೆ ಮಂದಿ ಗೋಡೆಗುಂಟ ಕೂತಿದ್ದರು, ಮಕ್ಕಳು ವೇದಿಕೆಯ ಅಂಚಿನಲ್ಲಿ ಕಾಲು ಇಳಿಬಿಟ್ಟಿದ್ದವು. ಸುಮನ್ ಚೆನ್ನಾಗಿ ಹೇಳಿದಳು. ಆಮೇಲೆ ಸೋಮಲಿಬಾಯಿ ಎದ್ದಳು. ಲಂಬಾಣಿಯಲ್ಲಿ ಹೇಳಿದಳು, ರವಿ ಅದನ್ನು ಕನ್ನಡಕ್ಕೆ ತಂದ, ಶಶಿಕಲಾ ಇಂಗ್ಲಿಷಿಗೆ. ಪೂಜಾ ಸಾಲಿಗೆ ಸೇರಿದ ಮೊದಲ ತಿಂಗಳು, ದಿನಾ ಮಧ್ಯಾಹ್ನ ಬಿಟ್ಟ ಕೂಡಲೇ ಮನೆಗೆ ಓಡಿಬರುತ್ತಿದ್ದಳಂತೆ, ಹಸಿವೆಯೆಂದು ತಾಯಿ ತಿಳಿದಿದ್ದಳಂತೆ. ಹಸಿವೆಯಲ್ಲ. ಒಂದಕ್ಕೆ ಹೋಗಬೇಕೆಂದು ಮಾಸ್ತರರನ್ನು ಕನ್ನಡದಲ್ಲಿ ಕೇಳಲು ಹುಡುಗಿಗೆ ಬರುತ್ತಿರಲಿಲ್ಲ. ಬೆಳಗಿನಿಂದ ತಡೆದುಕೊಂಡು ಕೂತಿರುತ್ತಿದ್ದಳು. ಇವತ್ತಿಗೂ ಕೇಳುವುದಿಲ್ಲ, ನೀರೇ ಕುಡಿಯದೆ ಸಾಲಿಗೆ ಹೋಗುತ್ತಾಳೆ.

ಶಶಿಕಲಾ ಇಂಗ್ಲಿಷಿನಲ್ಲಿ ಹೇಳಿ ಮುಗಿಸಿದ ಮೇಲೆ ಓದಿದವರು ಒಬ್ಬರಾದ ಮೇಲೊಬ್ಬರು ಸೋಮಲಿಬಾಯಿಯನ್ನೇ ಕೇಳತೊಡಗಿದರು. ಒಂದು ತಾಸಿನ ಗೋಷ್ಠಿ ಮೂರು ತಾಸು ನಡೆಯಿತು. ಗೈಡ್ ಸರ್ ಗಡಿಯಾರ ನೋಡುವುದನ್ನು ಬಿಟ್ಟು ಬರೆದುಕೊಳ್ಳತೊಡಗಿದ್ದರು. ಆಯೇರಿಯೆಲ್ಲ ಕೊನೆಗೆ ಶಶಿಕಲಾಳ ಉಡಿಗೇ ಬಿತ್ತು. ಮದುಮಗಳು ಯಾರೆಂದು ಮಂದಿಯೇ ತೀರ್ಮಾನ ಮಾಡಿದ್ದರು. ಅವಳು ಕೆಂಪಾಗಿ ನಕ್ಕಳು.

ನಾನು ಒಂದೇ ಮಾತು ಕೇಳಿದೆ: “ಪೂಜಾನ ಮಾಸ್ತರು ಬಂದಾರೇನು?”

“ಇಲ್ಲ ಆಯಿ. ಇವತ್ತ ಸಾಲಿ ಐತಲ್ಲ. ಕಾರ್ಡ ಕಳಿಸಿದ್ನಿ.”

“ಮೊಬೈಲಿಗೆ?”

ಅವಳು ಉಡಿಯ ಆಯೇರಿಯನ್ನು ಚೀಲಕ್ಕೆ ತುಂಬತೊಡಗಿದಳು.

ಮರುದಿನ ಬೆಳಿಗ್ಗೆ ಅವಳನ್ನು ಎಬ್ಬಿಸಲಿಲ್ಲ, ನಾಲ್ಕು ದಿನದ ನಿದ್ದೆ ಬಾಕಿ ಇತ್ತು. ಮೊದಲ ಬಸ್ಸಿಗೆ ಮುದ್ದೇಬಿಹಾಳಕ್ಕೆ ಹೋಗಿ, ಸೋಮಲಿಬಾಯಿಯನ್ನು ಕರೆದುಕೊಂಡು ಸಾಲಿಯ ಕಟ್ಟೆಯ ಮೇಲೆ ಕೂತೆ. ಒಂಬತ್ತೂವರೆಗೆ ಮಾಸ್ತರರು ಬೈಕಿನಿಂದ ಇಳಿದರು, ಚಿಕ್ಕ ವಯಸ್ಸಿನ ಹುಡುಗ, ಸಿಟ್ಟಿನ ಮುಖವೇನಲ್ಲ. “ಯಾರ ಬೇಕ್ರಿ ಅಮ್ಮಾ?” ಎಂದರು.

“ಬ್ಯಾಸರ ಮಾಡ್ಕೋಬ್ಯಾಡ್ರಿ, ನಿಮ್ಮನ್ನ ಕರಿಯಾಕ ಬಂದೇವಿ. ಇವತ್ತ ಸಾಲಿ ಬಿಟ್ಟ ಮ್ಯಾಗ ಪೂಜಾನ ಮನ್ಯಾಗ ನಿಮ್ಮ ಊಟ. ಹುಡುಗಿ ಮಾತು ಅಲ್ಲೇ ಕೇಳೀರಂತ” ಎಂದೆ. ಕುಂಕುಮದ ಬಟ್ಟಲನ್ನು ಸೋಮಲಿಬಾಯಿಯ ಕೈಗೆ ಕೊಟ್ಟೆ. ಮಾಸ್ತರರು ಹೆಲ್ಮೆಟ್ ತೆಗೆದು, ಹಣೆ ಮುಂದೆ ಮಾಡಿದರು.