ಬೆಳ್ಳುಳ್ಳಿ ತಕ್ಕಡಿಯ ಮೇಲೆ ಮದರ್‌ಬೋರ್ಡ್

ಹೊಸಕೆರೆಹಳ್ಳಿಯಿಂದ ಮಡಿವಾಳದವರೆಗೆ ಯಾರನ್ನು ಬೇಕಾದರೂ ಕೇಳಿ, ಮದುವೆ ವಿಡಿಯೊ ಎಡಿಟ್ ಮಾಡುವ ವನಿತಾಳಿಗೆ ಕಂಪ್ಯೂಟರಿನ ಮದರ್‌ಬೋರ್ಡ್ ಆರಿಸಿಕೊಟ್ಟವನು ನಾನೇ. ನಲವತ್ತು ವರ್ಷ ಕ್ಯಾಮೆರಾ ಹಿಡಿದ ಕೈ ಇದು. ಯಂತ್ರದ ಮುಖ ನೋಡಿದರೆ ಸಾಕು, ಅದರ ಆಯಸ್ಸು ಹೇಳಿಬಿಡುತ್ತೇನೆ.

ವನಿತಾ ಮುನಿಯಕ್ಕನ ಮಗಳು. ಮುನಿಯಕ್ಕ ಬನಶಂಕರಿಯಲ್ಲಿ ತಳ್ಳುಗಾಡಿ ಇಟ್ಟುಕೊಂಡು ಶುಂಠಿ, ಬೆಳ್ಳುಳ್ಳಿ ಮಾರುತ್ತಾಳೆ. ಹದಿನೆಂಟರ ವಯಸ್ಸಿನಲ್ಲಿ ಹುಡುಗಿ ನನ್ನ ಹಿಂದೆ ಲೈಟ್ ಹಿಡಿಯಲು ಬಂದಳು. ಎರಡೇ ವರ್ಷಕ್ಕೆ ನಾನು ಎಲ್ಲಿ ನಿಲ್ಲಬೇಕೆಂದು ಅವಳೇ ಹೇಳತೊಡಗಿದಳು. ಈಗ ಬೆಳಗಿನ ಧಾರೆಯನ್ನು ಎಡಿಟ್ ಮಾಡಿ ಅದೇ ಸಂಜೆ ಆರತಕ್ಷತೆಯ ಪರದೆಗೆ ಕೊಡುವುದು ಅವಳ ಕಸುಬು.

ತೊಡಕು ಅವಳ ಕಂಪ್ಯೂಟರಿನದು. ಅದು ಎಷ್ಟು ನಿಧಾನವೆಂದರೆ, ತಾಳಿ ಕಟ್ಟುವ ದೃಶ್ಯ ತಯಾರಾಗುವಷ್ಟರಲ್ಲಿ ಆ ದಂಪತಿಯ ಮಗುವಿನ ನಾಮಕರಣಕ್ಕೂ ಬುಕಿಂಗ್ ಬಂದಿರುತ್ತಿತ್ತು. ಎದುರು ಕಾಯುತ್ತ ಕೂತವರಲ್ಲಿ ತಾಳ್ಮೆ ಉಳಿದಿದ್ದು ಅವಳ ಕೋಣೆಯ ಗೋಡೆಗೆ ತೂಗುಹಾಕಿದ್ದ ಪಟದ ಬುದ್ಧನಿಗೆ ಮಾತ್ರ. ಹೋದ ತಿಂಗಳು ಬಿಟಿಎಂ ಲೇಔಟ್‌ನ ಛತ್ರದಲ್ಲಿ ಅವಳ ಮದುವೆ ಸಿನಿಮಾ ಪರದೆಯ ಮೇಲೆ ಶುರುವಾದಾಗ ಜನ ತಾಂಬೂಲ ಹಿಡಿದು ಚಪ್ಪಲಿ ಹುಡುಕುತ್ತಿದ್ದರು. ಛತ್ರದ ಮ್ಯಾನೇಜರ್ ರಾಮಪ್ರಸಾದ ಖಡಾಖಂಡಿತವಾಗಿ ಹೇಳಿದ್ದ: "ಇನ್ನೊಂದ್ಸಲ ಲೇಟಾದ್ರೆ ಬೇರೆಯವ್ರನ್ನ ನೋಡ್ಕೋತೀನಿ ಮೇಡಂ."

ಹೊಸ ಪ್ರೊಸೆಸರ್ ಕೊಳ್ಳುವ ಮಾತೇ ಇರಲಿಲ್ಲ. ಇದ್ದುದನ್ನೇ ತುಸು ವೇಗವಾಗಿ ಓಡಿಸಬೇಕು. ಓವರ್‌ಕ್ಲಾಕಿಂಗ್ ಅನ್ನುತ್ತಾರಲ್ಲ, ಅದು. ಪ್ರೊಸೆಸರ್ ಕೂರಿಸುವ ಅವಳ ಹಳೆಯ ಮದರ್‌ಬೋರ್ಡ್ ಅದಕ್ಕೆ ಒಪ್ಪುತ್ತಿರಲಿಲ್ಲ. ಒಪ್ಪುವಂಥದ್ದು ಆರು ಸಾವಿರದೊಳಗೆ ಬೇಕಿತ್ತು. ಜೆ.ಪಿ. ನಗರದ ಕೆಂಪರಾಜುವಿನ ಕಂಪ್ಯೂಟರ್ ಅಂಗಡಿಗೆ ಇಬ್ಬರೂ ಹೋದೆವು.

ಒಂದೇ ಬೆಲೆಯ, ಒಂದೇ ಅಳತೆಯ ಎರಡು ಬೋರ್ಡ್ ಮೇಜಿಗೆ ಬಂದವು. ಎರಡರಲ್ಲೂ ವೇಗ ಏರಿಸಬಹುದು. ಒಂದರ ಮೇಲೆ ರೆಕ್ಕೆಯಂಥ ಕವಚ, ಅಂಚಿಗೆಲ್ಲ ಲೈಟು. ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ಕಿನ ಬ್ರೇಕ್ ಲೈಟುಗಳನ್ನೆಲ್ಲ ಕಿತ್ತು ಅಂಟಿಸಿದಂತಿತ್ತು. ಇನ್ನೊಂದು ಸಪ್ಪೆ ಬೂದು ಬಣ್ಣದ್ದು.

"ಕಣ್ಮುಚ್ಚಿ ಲೈಟಿಂದ್ ತಗೋಳಮ್ಮ. ಗತ್ತು ನೋಡು!" ಎಂದೆ.

ವನಿತಾ ಚೀಲದಿಂದ ಅಮ್ಮನ ಎಲೆಕ್ಟ್ರಾನಿಕ್ ತಕ್ಕಡಿ ತೆಗೆದು ಮೇಜಿನ ಮೇಲಿಟ್ಟಳು. ಅದರಲ್ಲಿ ಇನ್ನೂ ಬೆಳ್ಳುಳ್ಳಿ ಸಿಪ್ಪೆ ಇತ್ತು.

ಕೆಂಪರಾಜು ಬೆಚ್ಚಿದ. "ಏನ್ ಮೇಡಂ, ಕೆಜಿ ಲೆಕ್ಕದಲ್ಲಿ ಕೊಡ್ಬೇಕಾ?"

"ಒಂದ್ನಿಮಿಷ ಅಣ್ಣ." ಸಿಪ್ಪೆ ಊದಿ, ಲೈಟಿನ ಬೋರ್ಡನ್ನು ಅದು ಬಂದ ತೆಳು ಚೀಲದ ಸಮೇತ ಇಟ್ಟಳು: ಐನೂರ ನಲವತ್ತು ಗ್ರಾಂ. ಹಾಗೇ ಇಟ್ಟ ಸಪ್ಪೆಯದು ಆರುನೂರ ತೊಂಬತ್ತು. ಆಮೇಲೆ ರೆಕ್ಕೆಯ ಮೇಲೆ ಉಗುರಿನಿಂದ ತಟ್ಟಿದಳು. ಟಕ್ ಟಕ್. ಅಪ್ಪಟ ಪ್ಲಾಸ್ಟಿಕ್.

"ವೇಗ ಏರಿಸಿದ್ರೆ ಪ್ರೊಸೆಸರ್‌ಗೆ ಕರೆಂಟ್ ಕೊಡೋ ಭಾಗ ಕಾಯತ್ತೆ ಅಂಕಲ್. ಆ ಶಾಖ ಎಳ್ಕೊಳಕ್ಕೆ ಲೋಹ ಬೇಕು, ಲೋಹ ಇದ್ರೆ ತೂಕ ಇರತ್ತೆ. ಇದು ಜೊಳ್ಳು ಬೆಳ್ಳುಳ್ಳಿ. ನೋಡಕ್ಕೆ ದಪ್ಪ, ಸುಲಿದ್ರೆ ಏನಿಲ್ಲ."

"ಲೈಟಾದ್ರೂ ಇದ್ಯಲ್ಲಮ್ಮ!"

"ನಾನೇನು ಗಣೇಶನ ಪೆಂಡಾಲ್ ಹಾಕ್ತಿದೀನಾ?"

ಸಪ್ಪೆಯದು ಮನೆಗೆ ಬಂತು. ವೇಗವನ್ನು ಒಂದೊಂದೇ ಮೆಟ್ಟಿಲು ಏರಿಸಿ, ಪ್ರತಿ ಸಲ ಅರ್ಧ ಗಂಟೆ ಹಳೆಯ ಮದುವೆಯೊಂದರ ವಿಡಿಯೊ ಓಡಿಸಿ, ಶಾಖ ಎಷ್ಟೆಂದು ಬರೆದುಕೊಂಡಳು. ಮೂರನೆಯ ಮೆಟ್ಟಿಲಿಗೆ ಕೈ ತೆಗೆದಳು.

"ಇನ್ನೊಂಚೂರು ಏರ್ಸು, ತಡ್ಕೊಳತ್ತೆ," ಎಂದು ನಾನು ಹುರಿದುಂಬಿಸಿದೆ.

"ಸಾಕು ಅಂಕಲ್. ನಂಗೆ ಏಳ್ ಗಂಟೆಗೆ ಸಿನಿಮಾ ಬೇಕು, ಚಂದ್ರಲೋಕಕ್ಕೆ ಹೋಗ್ಬೇಕಾಗಿಲ್ಲ."

ಮುಂದಿನ ಭಾನುವಾರ ಅದೇ ಛತ್ರ. ಆರು ಗಂಟೆ ಹತ್ತು ನಿಮಿಷಕ್ಕೆ ಸಿನಿಮಾ ತಯಾರಿತ್ತು. ಏಳಕ್ಕೆ ಪರದೆಯ ಮೇಲೆ ಅಕ್ಷತೆ ಬಿದ್ದಾಗ ಮದುಮಗಳ ಅಜ್ಜಿ ತಲೆ ಮುಟ್ಟಿ ನೋಡಿಕೊಂಡರು, ನನ್ನಾಣೆ. ರಾಮಪ್ರಸಾದ ಅಲ್ಲೇ ಮುಂದಿನ ಆರು ಮುಹೂರ್ತಗಳನ್ನು ಅವಳ ಹೆಸರಿಗೆ ಬರೆದುಕೊಂಡ.

ನಾನು ಎದೆಯುಬ್ಬಿಸಿ ಅವನಿಗೆ ಹೇಳಿದೆ: "ಬೋರ್ಡ್ ಆರಿಸೋವಾಗ ನಾನೇ ಜೊತೆಗಿದ್ದೆ ಸಾರ್. ನಾನಿಲ್ದಿದ್ರೆ ಇದೆಲ್ಲಿ ಆಗ್ತಿತ್ತು?"

ಕೇಬಲ್ ಸುತ್ತುತ್ತಿದ್ದ ವನಿತಾ ತಲೆಯೆತ್ತದೆ ಅಂದಳು: "ನಿಜ ಸಾರ್. ಯಾವ್ದು ತಗೋಬಾರ್ದು ಅಂತ ಅಂಕಲ್ ಒಂದೇ ನೋಟಕ್ಕೆ ತೋರಿಸ್ಬಿಟ್ರು."