ಬೆನ್ನಿನ ನೀರು ತೆಗೆಯಲು ಹಾಕಿದ ಸಹಿ

ಹೋದ ವರ್ಷ ತಮಿಳರ ಆಡಿ ತಿಂಗಳ ಹದಿನೆಂಟರ ಹಬ್ಬ ಕಳೆದು ಮೂರನೇ ದಿನ. ಕೊಳತ್ತೂರಿನ ನಮ್ಮ ಮನೆಯಲ್ಲಿ ನಾನು, ಅತ್ತೆ ಇಬ್ಬರೇ ಇದ್ದೆವು. ಯಜಮಾನರು ಲಾರಿ ತಗೊಂಡು ನಾಗಪುರದ ಕಡೆ ಹೋಗಿದ್ದರು, ಫೋನ್ ಸಿಗುತ್ತಿರಲಿಲ್ಲ. ಅತ್ತೆಗೆ ವಾರದಿಂದ ಎಡಗಿವಿ ಸೋರುತ್ತಿತ್ತು, ಎರಡು ದಿನದಿಂದ ಜ್ವರ. ಬೆಳಿಗ್ಗೆ ಕಾಫಿ ಕೊಡಲು ಹೋದರೆ ನನ್ನನ್ನೇ ದಿಟ್ಟಿಸಿ, "ಯಾರಮ್ಮ ನೀನು?" ಅಂದರು. ಅವರ ತಲೆ ಎತ್ತಲು ನೋಡಿದೆ, ಕುತ್ತಿಗೆ ಬಗ್ಗಲೇ ಇಲ್ಲ.

ಆಂಬ್ಯುಲೆನ್ಸಿನಲ್ಲಿ ಸೇಲಂಗೆ ಕರೆದುಕೊಂಡು ಹೋದೆ. ಆಸ್ಪತ್ರೆಯ ಡಾಕ್ಟರಮ್ಮ ನೋಡಿದ ಕೂಡಲೇ ಇಂಜೆಕ್ಷನ್ ಶುರು ಮಾಡಿಸಿ, "ಮೂಳೈ ಕಾಯ್ಚಲಾ ಇರುಕ್ಕಲಾಂ" ಅಂದರು. ಮಿದುಳು ಜ್ವರ ಇರಬಹುದಂತೆ. ಬೆನ್ನಿಗೆ ಸೂಜಿ ಹಾಕಿ ನೀರು ತೆಗೆದು ಲ್ಯಾಬಿಗೆ ಕಳಿಸಬೇಕು, ಯಾವ ಕ್ರಿಮಿ ಅಂತ ತಿಳಿದರೇನೇ ಸರಿಯಾದ ಮದ್ದು ಕೊಡಲು ಆಗೋದು ಅಂತ ಹೇಳಿ ಸಹಿಗೆ ಒಪ್ಪಿಗೆ ಕಾಗದ ಮುಂದಿಟ್ಟರು.

ಅದಿಯಮಾನ್‌ಕೋಟೆಯಲ್ಲಿರುವ ಯಜಮಾನರ ಅಕ್ಕನಿಗೆ ಫೋನ್ ಮಾಡಿದೆ.

"ಬೆನ್ನಾಗಿಂದ ನೀರ್ ತೆಗೆದ್ರೆ ಕಾಲ್ ಬಿದ್ದೋಗ್ತವೆ ಕಮಲಾ! ಸೈನ್ ಆಕ್ಬೇಡ, ನಾನ್ ಬರಾಗಂಟ ಇರು."

"ಈಗ್ಲೇ ಮಾಡ್ಬೇಕು ಅಂತಾವ್ರೆ ಅತ್ಗೆ."

"ನಮ್ಮವ್ವಂಗೆ ಏನಾನ ಆದ್ರೆ ನಿನ್ನೇ ಕೇಳೋದು ನಾನು!"

ಕಾಲಿನ ವಿಷಯ ಡಾಕ್ಟರಮ್ಮನನ್ನೇ ಕೇಳಿದೆ. "ಬಯಪ್ಪಡಾದೀಂಗ ಅಕ್ಕಾ, ಹೆದರಬೇಡಿ, ಬೆನ್ನೊಳಗಿನ ದೊಡ್ಡ ನರ ಮುಗಿದ ಮೇಲೆ ಇನ್ನೂ ಕೆಳಗೇ ಸೂಜಿ ಹಾಕೋದು" ಅಂತ ತಮ್ಮ ಸೊಂಟದ ಮೇಲೆ ಬೆರಳಿಟ್ಟು ತೋರಿಸಿದರು. ಸಹಿ ಹಾಕಿದೆ.

ಪರದೆಯ ಆಚೆ ಅತ್ತೆಯನ್ನು ಮುದುರಿ ಮಲಗಿಸಿದರು. ಸ್ವಲ್ಪ ಹೊತ್ತಿಗೆ ನರ್ಸಮ್ಮ ಮೂರು ಪುಟ್ಟ ಬಾಟಲಿ ಹಿಡಿದು ಹೊರಗೆ ಬಂದರು. ನೀರು ತಿಳಿಯಾಗಿರಬೇಕಂತೆ, ಇದು ಅಕ್ಕಿ ತೊಳೆದ ನೀರಿನ ಹಾಗಿತ್ತು. ತಡವಾದರೆ ಪರೀಕ್ಷೆ ಸರಿಯಾಗಿ ಬರಲ್ಲ ಅಂತ ಅವರು ಓಡಿದರು. ನಾನೂ ಹಿಂದೆ ಓಡಿದೆ, ಯಾಕೆ ಅಂತ ನನಗೇ ಗೊತ್ತಿಲ್ಲ.

ಲ್ಯಾಬಿನ ಮುಂದೆ ಕೂರಲೂ ಆಗದು, ನಿಲ್ಲಲೂ ಆಗದು. ವಾರ್ಡಿಗೆ ಹೋಗಿ ಅತ್ತೆಯ ಅಂಗಾಲು ಕೆರೆದು ನೋಡೋದು, ಕಾಲು ಎಳೆದುಕೊಂಡರೆ ಉಸಿರು ಬಿಟ್ಟು ಮತ್ತೆ ಲ್ಯಾಬಿಗೆ ಬರೋದು. ಅತ್ತಿಗೆಯ ಫೋನ್ ಬಡಕೊಳ್ಳುತ್ತಲೇ ಇತ್ತು, ಎತ್ತಲಿಲ್ಲ. ನಾಲ್ಕನೇ ಸಲ ಬಂದಾಗ ಲ್ಯಾಬಿನ ಹೆಂಗಸು ತಾವೇ ಬಾಗಿಲು ತೆರೆದು, "ಸುಮ್ಮಾ ಅಲೈಯಾದೀಂಗ ಅಕ್ಕಾ", ಸುಮ್ಮನೆ ಅಲೆದಾಡಬೇಡಿ ಅಂತ ಕೈ ಹಿಡಿದು ಕೂರಿಸಿದರು. ನೀರಿನಲ್ಲಿ ಕೀವು ತುಂಬಿದೆ, ಸಕ್ಕರೆ ಅಂಶ ಇಳಿದಿದೆ, ಮೈಕ್ರೋಸ್ಕೋಪಿನಲ್ಲಿ ಕ್ರಿಮಿ ಕಂಡಿತು, ಡಾಕ್ಟರಿಗೆ ಆಗಲೇ ಹೇಳಿದ್ದೇನೆ ಅಂದರು. ಯಾವ ಮದ್ದಿಗೆ ಅದು ಸಾಯುತ್ತೆ ಅಂತ ತಿಳಿಯಲು ಇನ್ನೆರಡು ದಿನ ಬೇಕಿತ್ತು.

ಸಂಜೆ ಅತ್ತಿಗೆ ಬಂದು ವಾರ್ಡಿನವರ ಮುಂದೆಲ್ಲ ನನ್ನನ್ನು ಬೈದರು. ನಾನು ಅತ್ತೆಯ ಕಾಲನ್ನೇ ನೋಡುತ್ತಾ ಕೂತೆ.

ಮೂರನೇ ದಿನ ರಿಪೋರ್ಟ್ ಬಂತು, ಅದಕ್ಕೆ ತಕ್ಕಂತೆ ಮದ್ದು ಬದಲಾಯಿಸಿದರು. ಮಾರನೇ ದಿನ ಮಧ್ಯಾಹ್ನ ಅತ್ತೆ ಕಣ್ಣು ಬಿಟ್ಟು, "ಕಮಲಾ, ಆಡ್ಗೊಳ್ನ ಯಾರ್ ಮೇಯ್ಸ್ತಾವ್ರೆ?" ಅಂದರು. ಅತ್ತಿಗೆ ನನ್ನ ಹೆಗಲಿಗೆ ಮುಖ ಒತ್ತಿ ಅತ್ತುಬಿಟ್ಟರು. ಎರಡು ವಾರ ಕಳೆದು ಅತ್ತೆ ನಡೆದುಕೊಂಡೇ ಬಸ್ ಹತ್ತಿದರು. ಎಡಗಿವಿ ಮಾತ್ರ ಇನ್ನೂ ಮಂದ.

ಈಗ ಅತ್ತಿಗೆ ಬಂಧುಗಳಿಗೆಲ್ಲ, "ನಮ್ ಕಮಲಂದು ಗಟ್ಟಿ ಎದೆ" ಅನ್ನುತ್ತಾರೆ. ನಾನು ತಲೆ ತಗ್ಗಿಸುತ್ತೇನೆ. ಆ ಕಾಗದದಲ್ಲಿ ನನ್ನ ಹೆಸರನ್ನೇ ಎರಡು ಸಲ ತಪ್ಪಿ ಬರೆದು ಹೊಡೆದುಹಾಕಿದ್ದೆ. ಇನ್ನೊಂದು ಸಲ ತಪ್ಪಿದ್ದರೆ ಪೆನ್ನು ಕೆಳಗಿಟ್ಟುಬಿಡುತ್ತಿದ್ದೆನೋ ಏನೋ.